ಮೂಸಿಯ ಲೆಕ್ಕ, ಉಳ್ಳಾಲದ ಗೋಡೆ

2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ 69ನೇ ಸಂಖ್ಯೆಯ ಆದೇಶವೊಂದನ್ನು ಹೊರಡಿಸಿತು. ಹೈದರಾಬಾದಿನ ಪಶ್ಚಿಮಕ್ಕಿರುವ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳ ಸುತ್ತ ಹತ್ತು ಕಿಲೋಮೀಟರ್ ದೂರದವರೆಗೆ ಹೊಗೆ ಕಾರುವ ಕಾರ್ಖಾನೆ, ದೊಡ್ಡ ಹೋಟೆಲು, ವಸತಿ ಬಡಾವಣೆ ಬರಕೂಡದೆಂದು 1996ರಲ್ಲಿ 111ನೇ ಸಂಖ್ಯೆಯ ಆದೇಶ ಹಾಕಿದ್ದ ಕಟ್ಟುಪಾಡನ್ನು ಅದು ಸಡಿಲಿಸಿತು. 84 ಹಳ್ಳಿಗಳು, 1.32 ಲಕ್ಷ ಎಕರೆ ನೆಲ. ಇದಕ್ಕೆ ಕೊಟ್ಟ ಮುಖ್ಯ ಕಾರಣ ಒಂದು ಅಂಕಿ. ನಗರಕ್ಕೆ ಈಗ ಕೃಷ್ಣಾ, ಗೋದಾವರಿಗಳಿಂದ ನೀರು ಬರುತ್ತಿದೆ, ಕುಡಿಯುವ ನೀರಿನಲ್ಲಿ ಈ ಎರಡು ಜಲಾಶಯಗಳ ಪಾಲು ಶೇ 1.25ಕ್ಕಿಂತಲೂ ಕಡಿಮೆ ಎಂದು ಸರ್ಕಾರ ಹೇಳಿತು. ನೀರು ಕೆಡದಂತೆ ನೋಡಿಕೊಳ್ಳಬೇಕೆಂಬ ಷರತ್ತನ್ನೂ ಸೇರಿಸಿತು.

ನಲ್ಲಿಯ ನೀರಿನ ಮಟ್ಟಿಗೆ ಆ ಲೆಕ್ಕ ಸರಿಯೇ ಇರಬಹುದು. ಆದರೆ ಆ ಜಲಾಶಯಗಳನ್ನು ಕಟ್ಟಬೇಕೆಂಬ ಯೋಚನೆ ಹುಟ್ಟಿದ್ದು ನಲ್ಲಿಗಾಗಿ ಅಲ್ಲವಲ್ಲ. ಒಂದು ಬೆಳಗಿನ ಹೊತ್ತಿಗೆ ಊರಿನ ದೊಡ್ಡ ಭಾಗ ಕೊಚ್ಚಿಹೋದ ಮೇಲೆ, ಇನ್ನೊಮ್ಮೆ ಹಾಗಾಗಬಾರದೆಂದು ಕನ್ನಡನಾಡಿನ ಒಬ್ಬ ಎಂಜಿನಿಯರ್ ಹಾಕಿಕೊಟ್ಟ ಲೆಕ್ಕದಿಂದ ಅವು ಹುಟ್ಟಿದವು. ಆ ಹಳೆಯ ಲೆಕ್ಕವನ್ನು ನಾವು ಮತ್ತೆ ಓದಬೇಕಾದ ಕಾಲ ಇದು. ಹೈದರಾಬಾದಿಗೆ ಮಾತ್ರವಲ್ಲ, ಪ್ರತಿ ಮಳೆಗಾಲದಲ್ಲೂ ಮನೆ ಕಳೆದುಕೊಳ್ಳುವ ನಮ್ಮ ಕರಾವಳಿಗೂ ಅದರಲ್ಲಿ ಉಪಯೋಗದ ಮಾತಿದೆ.

ಮೂಸಿ ನದಿ ಹುಟ್ಟುವುದು ವಿಕಾರಾಬಾದಿನ ಅನಂತಗಿರಿ ಬೆಟ್ಟಗಳಲ್ಲಿ. ಅದೇ ಬೆಟ್ಟಸಾಲಿನಿಂದ ಹೊರಡುವ ಕಾಗಿಣಾ ಪಶ್ಚಿಮಕ್ಕೆ ತಿರುಗಿ, ರಾಷ್ಟ್ರಕೂಟರ ಮಳಖೇಡದ ಬದಿಯಲ್ಲಿ ಹರಿದು ಭೀಮೆಯನ್ನು ಸೇರುತ್ತದೆ. ಮೂಸಿ ಪೂರ್ವಕ್ಕೆ ಹರಿಯುತ್ತದೆ. ಬೆಟ್ಟದ ಆ ಕಡೆ ಬಿದ್ದ ಮಳೆ ಕಲಬುರಗಿಗೆ, ಈ ಕಡೆ ಬಿದ್ದದ್ದು ಹೈದರಾಬಾದಿಗೆ. ಊರು ಮುಟ್ಟುವ ಮುನ್ನ ಬಾಪು ಘಾಟ್ ಎಂದು ಈಗ ಕರೆಯುವ ಸಂಗಮದಲ್ಲಿ ಈಸಿ ಎಂಬ ಇನ್ನೊಂದು ನದಿ ಮೂಸಿಗೆ ಸೇರುತ್ತದೆ. ಬೇಸಿಗೆಯಲ್ಲಿ ನೋಡಿದರೆ ಎರಡೂ ಹಳ್ಳಗಳಂತೆ ಕಾಣುತ್ತವೆ. ದಖ್ಖನ್ನಿನ ನೆಲವೇ ಹಾಗೆ. ಕಲ್ಲುಬಂಡೆಯ ಮೇಲೆ ತೆಳುವಾದ ಮಣ್ಣು ಹಾಸಿದೆ. ಹದವಾದ ಮಳೆ ಬಂದರೆ ಹೀರಿಕೊಳ್ಳುತ್ತದೆ, ಜಡಿಮಳೆ ಹಿಡಿದರೆ ಅರ್ಧ ದಿನದೊಳಗೆ ಎಲ್ಲವನ್ನೂ ಇಳಿಜಾರಿಗೆ ಬಿಟ್ಟುಬಿಡುತ್ತದೆ.

1908ರ ಸೆಪ್ಟೆಂಬರ್ ಕೊನೆಯ ವಾರ ಆದದ್ದು ಅದೇ. ಶಂಷಾಬಾದಿನ ಮಳೆಮಾಪಕದಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆ ದಾಖಲಾಯಿತು. ಸೆಪ್ಟೆಂಬರ್ 28ರ ಬೆಳಗ್ಗೆ ಮೂಸಿ ದಂಡೆ ಮೀರಿ ಎರಡೂ ಬದಿಯ ಮೊಹಲ್ಲಾಗಳಿಗೆ ನುಗ್ಗಿತು. ಅಫ್ಜಲ್ ಗಂಜ್, ಮುಸ್ಲಿಂ ಜಂಗ್, ಚಾದರ್‌ಘಾಟ್ ಸೇತುವೆಗಳು ಮುರಿದವು, 1578ರ ಪುರಾನಾಪುಲ್ ಮಾತ್ರ ನಿಂತಿತು. ಸತ್ತವರು ಸುಮಾರು 15,000 ಎಂಬುದು ಸಾಮಾನ್ಯವಾಗಿ ಕೊಡುವ ಅಂಕಿ. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರವನ್ನು ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರು. ಉರ್ದು ಕವಿ ಅಮ್ಜದ್ ಹೈದರಾಬಾದಿ ಅವರ ತಾಯಿ, ಹೆಂಡತಿ, ಮಗಳು ಮೂವರೂ ಅವರ ಕಣ್ಣೆದುರೇ ನೀರು ಪಾಲಾದರು. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಅರಮನೆಗಳ ಬಾಗಿಲು ತೆರೆಸಿ ಗಂಜಿಕೇಂದ್ರ ನಡೆಸಿದರು.

ಆಗ ಎಂ. ವಿಶ್ವೇಶ್ವರಯ್ಯ ಮುಂಬಯಿ ಸರ್ಕಾರದ ಕೆಲಸ ಬಿಟ್ಟು ಯುರೋಪಿನ ಪ್ರವಾಸದಲ್ಲಿದ್ದರು. ನಿಜಾಮ ಸರ್ಕಾರದ ತಂತಿ ಅವರಿಗೆ ಅಲ್ಲಿ ತಲುಪಿತು. 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದರು, ಅಕ್ಟೋಬರ್ ಹೊತ್ತಿಗೆ ವರದಿ ಒಪ್ಪಿಸಿದರು, ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಹೋದರು. ಆರು ತಿಂಗಳ ಆ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಅವರು ಎಣಿಕೆ ಶುರುಮಾಡಿದ ಜಾಗ. ನದಿ ಉಕ್ಕಿದ್ದು ಊರಿನಲ್ಲಿ, ಅವರು ನೋಡಿದ್ದು ಊರಿನಿಂದ ಮೇಲಕ್ಕೆ. ಊರಿಗೆ ನೀರು ಕಳಿಸುವ ಜಲಾನಯನ ಪ್ರದೇಶ 862 ಚದರ ಮೈಲಿ. ಅದರಲ್ಲಿ ಕೆರೆಗಳು 788, ಹೆಚ್ಚುಕಡಿಮೆ ಚದರ ಮೈಲಿಗೊಂದು. ಆ ಮಳೆಗೆ ಒಡೆದ ಕೆರೆಗಳು 221. ಊರಿನ ಬಳಿ ಪ್ರವಾಹ ಏರಿದ್ದು ಸೆಕೆಂಡಿಗೆ 4.25 ಲಕ್ಷ ಘನಅಡಿಯ ಮಟ್ಟಕ್ಕೆ.

ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಕೆರೆಗಳನ್ನು ಉಳಿಸಿಕೊಂಡಿದ್ದರೆ ನೆರೆಯೇ ಬರುತ್ತಿರಲಿಲ್ಲ ಎಂದು ನಮ್ಮಲ್ಲಿ ಅನೇಕರು ನಂಬುತ್ತಾರೆ. ನನಗೂ ಕೆರೆಗಳ ಮೇಲೆ ಪ್ರೀತಿಯಿದೆ. ಆದರೆ 1908ರಲ್ಲಿ 788 ಕೆರೆಗಳೂ ಇದ್ದವು, ಬಡಾವಣೆಗಳು ಇರಲಿಲ್ಲ, ಡಾಂಬರು ರಸ್ತೆ ಇರಲಿಲ್ಲ, ಆದರೂ ಊರು ಮುಳುಗಿತು. ಕೆರೆಯ ಏರಿ ಮಣ್ಣಿನದು. ಕೋಡಿಯಲ್ಲಿ ಹೋಗಬೇಕಾದ ನೀರು ಏರಿಯ ಮೇಲೆಯೇ ಹರಿಯತೊಡಗಿದರೆ ಏರಿ ಕರಗಿ ಸೀಳುತ್ತದೆ. ಮೇಲಿನ ಕೆರೆ ಒಡೆದರೆ ಅದರ ಇಡೀ ನೀರು ಒಂದೇ ಸಲಕ್ಕೆ ಕೆಳಗಿನ ಕೆರೆಗೆ ನುಗ್ಗುತ್ತದೆ, ಅದೂ ಒಡೆಯುತ್ತದೆ. ಸಾಮಾನ್ಯ ಮಳೆಯಲ್ಲಿ ನೆರೆಯನ್ನು ತಗ್ಗಿಸುವ ಕೆರೆಸಾಲು ಅಸಾಮಾನ್ಯ ಮಳೆಯಲ್ಲಿ ಅದನ್ನು ಹೆಚ್ಚಿಸಲೂಬಹುದು. ಆದ್ದರಿಂದ ನಿಸರ್ಗಕ್ಕೆ ಹೊಂದಿಕೊಂಡ ಹಳೆಯ ಏರ್ಪಾಡಿನ ಮೇಲೆ ಗಟ್ಟಿಯಾದ ಕಟ್ಟೋಣವೂ ಬೇಕೆಂದು ವಿಶ್ವೇಶ್ವರಯ್ಯ ತೀರ್ಮಾನಿಸಿದರು.

ಅವರ ಸಲಹೆಯಲ್ಲಿ ಎರಡು ಪಾಲು. ಊರಿನ ಮೇಲ್ಭಾಗದಲ್ಲಿ ಮೂಸಿಗೊಂದು, ಈಸಿಗೊಂದು ಜಲಾಶಯ ಕಟ್ಟಿ ನೆರೆಯ ನೀರನ್ನು ಅಲ್ಲಿಯೇ ತಡೆಹಿಡಿಯಬೇಕು. ಊರಿನೊಳಗೆ ನದಿಯ ದಂಡೆಯನ್ನು ಎತ್ತರಿಸಿ, ಅಂಚಿನ ಇಕ್ಕಟ್ಟಾದ ವಸತಿಯನ್ನು ತೆರವು ಮಾಡಿ, ಅಲ್ಲಿ ರಸ್ತೆ, ಉದ್ಯಾನ ಮಾಡಬೇಕು. ಎರಡನೆಯದನ್ನು ಬರೀ ಅಂದಚೆಂದದ ಮಾತೆಂದು ಓದಿದವರೇ ಹೆಚ್ಚು. ಅದರ ನಿಜವಾದ ಉಪಯೋಗ ಬೇರೆ. ಉದ್ಯಾನದಲ್ಲಿ ನೀರು ನಿಂತರೆ ಹುಲ್ಲು ಹಾಳಾಗುತ್ತದೆ, ಜನ ಸಾಯುವುದಿಲ್ಲ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1912ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪಿಸಿದರು. ನದಿಯಂಚಿಗೆ ಹೈಕೋರ್ಟು, ಆಸ್ಪತ್ರೆ, ಉದ್ಯಾನಗಳು ಬಂದವು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಮೊದಲನೆಯದನ್ನು ಜನ ಇಂದಿಗೂ ಗಂಡಿಪೇಟೆ ಎನ್ನುತ್ತಾರೆ.

ನೆರೆ ತಡೆಯುವ ಜಲಾಶಯ ಹೇಗೆ ಕೆಲಸ ಮಾಡುತ್ತದೆಂದು ಒಂದು ಲೆಕ್ಕದಲ್ಲಿ ನೋಡೋಣ. ಉಸ್ಮಾನ್ ಸಾಗರದ ಸಾಮರ್ಥ್ಯ ಸುಮಾರು 3.9 ಟಿಎಂಸಿ, ಹಿಮಾಯತ್ ಸಾಗರದ್ದು ಸುಮಾರು 2.97. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನಅಡಿ. ಎರಡೂ ಪೂರ್ತಿ ಖಾಲಿ ಇವೆಯೆಂದೇ ಇಟ್ಟುಕೊಳ್ಳಿ. 1908ರ ನೆರೆಯ ತುತ್ತತುದಿಯ ಹರಿವಿನ ವೇಗದಲ್ಲಿ ನೀರು ಬಂದರೆ ಇವೆರಡೂ ತುಂಬಲು ಬೇಕಾಗುವುದು ನಾಲ್ಕೂವರೆ ಗಂಟೆ. ಆ ಹರಿವಿನಲ್ಲಿ ಒಡೆದ ಕೆರೆಗಳ ನೀರೂ ಸೇರಿತ್ತು, ಎರಡೂ ನದಿಗಳಿಗೆ ಹೊರತಾದ ಹಳ್ಳಗಳ ನೀರೂ ಇತ್ತು. ಹಾಗಾಗಿ ಇದು ಒರಟು ಲೆಕ್ಕ. ಆದರೂ ವಿಷಯ ಸ್ಪಷ್ಟವಾಗುತ್ತದೆ. ತುತ್ತತುದಿಯ ಆ ನಾಲ್ಕೈದು ಗಂಟೆಗಳೇ ಊರನ್ನು ಮುಳುಗಿಸುವ ಗಂಟೆಗಳು. ಅಷ್ಟು ಹೊತ್ತು ನೀರನ್ನು ಹಿಡಿದಿಟ್ಟು ಆಮೇಲೆ ನಿಧಾನವಾಗಿ ಬಿಟ್ಟರೆ ನದಿ ತನ್ನ ಪಾತ್ರದೊಳಗೇ ಸಾಗುತ್ತದೆ.

ಆದರೆ ಜಲಾಶಯ ಮೊದಲೇ ತುಂಬಿದ್ದರೆ? ಆ ನಾಲ್ಕೂವರೆ ಗಂಟೆ ಸೊನ್ನೆಗೆ ಇಳಿಯುತ್ತದೆ. ಬಂದಷ್ಟನ್ನೂ ಗೇಟಿನಿಂದ ಕೆಳಕ್ಕೆ ಬಿಡದೆ ವಿಧಿಯಿಲ್ಲ. ನೆರೆಗೆಂದು ಕಟ್ಟಿದ ಜಲಾಶಯದ ಬೆಲೆ ಇರುವುದು ಅದರ ಖಾಲಿ ಜಾಗದಲ್ಲಿ. ಕುಡಿಯುವ ನೀರಿಗೆಂದು ಕಟ್ಟಿದ ಜಲಾಶಯದ ಬೆಲೆ ತುಂಬಿದ ನೀರಿನಲ್ಲಿ. ಈ ಎರಡು ಜಲಾಶಯಗಳು ದಶಕಗಟ್ಟಲೆ ಎರಡೂ ಕೆಲಸ ಹೊತ್ತವು, ಒಂದಕ್ಕೊಂದು ಎದುರಾದ ಕೆಲಸಗಳನ್ನು. ಸೆಪ್ಟೆಂಬರಿನಲ್ಲಿ ತುಂಬಿಸಿಟ್ಟರೆ ಬೇಸಿಗೆಗೆ ನಿಶ್ಚಿಂತೆ, ಆದರೆ ಹೈದರಾಬಾದಿನ ದೊಡ್ಡ ಮಳೆಗಳು ಬರುವುದೇ ಆಗಸ್ಟ್‌ನಿಂದ ಅಕ್ಟೋಬರ್ ನಡುವೆ. ಇಲ್ಲಿಯೇ ಸರ್ಕಾರದ ಶೇ 1.25ರ ಅಂಕಿ ಬೇರೊಂದು ಅರ್ಥ ಕೊಡುತ್ತದೆ. ನಲ್ಲಿಗೆ ಇವುಗಳ ನೀರು ಬೇಡವಾಗಿದ್ದರೆ, ಮಳೆಗಾಲದಲ್ಲಿ ಇವನ್ನು ನೆರೆಗಾಗಿ ಹೆಚ್ಚು ಖಾಲಿ ಇಡಬಹುದಲ್ಲವೇ? ನೂರು ವರ್ಷಗಳಲ್ಲಿ ಮೊದಲ ಸಲ ಈ ಜಲಾಶಯಗಳು ತಮ್ಮ ಮೂಲ ಕೆಲಸವನ್ನು ಪೂರ್ತಿಯಾಗಿ ಮಾಡುವ ಅವಕಾಶ ಬಂದಿದೆ. ಅದೇ ಅಂಕಿಯನ್ನು ಹಿಡಿದು ಜಲಾನಯನವನ್ನು ಕಾಂಕ್ರೀಟಿಗೆ ತೆರೆದರೆ, ಇಳಿದುಬರುವ ನೀರು ನಾಳೆ ಇಂದಿಗಿಂತ ಇನ್ನೂ ಬೇಗ ಗೇಟಿಗೆ ಬಂದು ಬಡಿಯುತ್ತದೆ. ಇದು ತಪ್ಪು ನಿರ್ಧಾರ ಎಂದು ನಾನು ನಂಬಿದ್ದೇನೆ.

ಇಷ್ಟಾದರೂ ಜಲಾಶಯಗಳಿಂದ ಆಗದ ಒಂದು ಕೆಲಸವಿದೆ. ಅವುಗಳ ಕೆಳಗೆ, ಊರಿನ ತಲೆಯ ಮೇಲೆಯೇ ಬೀಳುವ ಮಳೆಯನ್ನು ಅವು ಹಿಡಿಯಲಾರವು. 2000ದ ಆಗಸ್ಟ್ 24ರ ದಾಖಲೆಯಲ್ಲಿ ಬೇಗಂಪೇಟೆಯ ಮಳೆ 24 ಸೆಂಟಿಮೀಟರ್. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಮುಟ್ಟಿದ ವಾಯುಭಾರ ಕುಸಿತ ಒಳನಾಡಿಗೆ ಬಂದು, ಬೇಗಂಪೇಟೆಯಲ್ಲಿ 19 ಸೆಂಟಿಮೀಟರ್, ಘಟಕೇಸರದ ಕಡೆ 32 ಸೆಂಟಿಮೀಟರ್ ಮಳೆ ಸುರಿಸಿತು. ಒಂದು ಚದರ ಕಿಲೋಮೀಟರ್ ಜಾಗದಲ್ಲಿ 19 ಸೆಂಟಿಮೀಟರ್ ಮಳೆ ಬಿದ್ದರೆ ಅದು 19 ಕೋಟಿ ಲೀಟರ್. ಹತ್ತು ಸಾವಿರ ಲೀಟರಿನ 19,000 ಟ್ಯಾಂಕರ್‌ಗಳು ಬೇಕು ಅದನ್ನು ಹೊರಲು. ಆಗಿನ ಮಹಾನಗರ ಪಾಲಿಕೆಯ ವ್ಯಾಪ್ತಿ ಸುಮಾರು 650 ಚದರ ಕಿಲೋಮೀಟರ್. ಈ ನೀರಿಗೆ ಗಂಡಿಪೇಟೆಯ ಗೇಟು ಯಾವ ಉತ್ತರವನ್ನೂ ಕೊಡಲಾರದು. ಇದಕ್ಕೆ ಬೇಕಾದದ್ದು ಊರೊಳಗಿನ ಕೆರೆಗಳು, ಅವುಗಳನ್ನು ಜೋಡಿಸುವ ನಾಲಾಗಳು.

ಕೆರೆಸಾಲಿನ ಏರ್ಪಾಡು ನಮ್ಮ ಓದುಗರಿಗೆ ಹೊಸದಲ್ಲ. ಕೋಲಾರದಲ್ಲಿ, ಚಿತ್ರದುರ್ಗದಲ್ಲಿ ಇರುವುದೂ ಅದೇ. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ, ನೀರು ಬಿಡಲು ತೂಬು, ಹೆಚ್ಚಾದದ್ದು ಹೋಗಲು ಕೋಡಿ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಹೈದರಾಬಾದಿನವರು ದೊಡ್ಡದನ್ನು ಚೆರುವು ಎನ್ನುತ್ತಾರೆ, ಚಿಕ್ಕದನ್ನು ಕುಂಟ. 1560ರ ದಶಕದಲ್ಲಿ ಇಬ್ರಾಹಿಂ ಕುತುಬ್ ಶಾ ಕಾಲದಲ್ಲಿ ಕಟ್ಟಿದ ಹುಸೇನ್ ಸಾಗರವೂ ಇಂಥ ಒಂದು ಕೆರೆ. ಇದನ್ನು ಪೂರ್ತಿ ನಿಸರ್ಗವೆನ್ನಲಾಗದು, ಪೂರ್ತಿ ಕಟ್ಟಡವೆನ್ನಲೂ ಆಗದು. ನೆಲದ ಏರುತಗ್ಗು ಮೊದಲೇ ಮಾಡಿಟ್ಟ ಕೆಲಸಕ್ಕೆ ಮನುಷ್ಯ ಒಂದು ದಂಡೆ ಸೇರಿಸಿದ್ದಾನೆ ಅಷ್ಟೆ. ಜಗತ್ತಿನ ಎಂಜಿನಿಯರುಗಳು ಇಂದು ನಿಸರ್ಗ ಮತ್ತು ಕಟ್ಟೋಣಗಳ ಜೋಡಣೆ ಎಂದು ಹೊಸದಾಗಿ ಬೋಧಿಸುತ್ತಿರುವುದರ ಹಳೆಯ ರೂಪ ದಖ್ಖನ್ನಿನಲ್ಲಿ ಊರೂರಿಗೂ ಇದೆ.

ಅದು ಕೆಟ್ಟದ್ದು ಹೇಗೆ ಎಂಬುದನ್ನೂ ನಾವು ಬಲ್ಲೆವು. ಕೆರೆಯನ್ನು ಯಾರೂ ಒಂದೇ ದಿನ ನುಂಗುವುದಿಲ್ಲ. ಮೊದಲು ಕೋಡಿಗೆ ಅಡ್ಡಲಾಗಿ ಒಂದು ಗೋಡೆ ಬರುತ್ತದೆ. ಆಮೇಲೆ ನಾಲಾದ ಅಗಲ ಕುಗ್ಗುತ್ತದೆ. ಎರಡು ವರ್ಷ ಮಳೆ ಕಡಿಮೆಯಾದರೆ ಕೆರೆಯಂಗಳದ ಒಣಗಿದ ಅಂಚಿನಲ್ಲಿ ಸೈಟಿನ ಕಲ್ಲು ಏಳುತ್ತದೆ. ಕಡತದಲ್ಲಿ ಎಫ್‌ಟಿಎಲ್, ಅಂದರೆ ಕೆರೆ ತುಂಬಿದಾಗ ನೀರು ನಿಲ್ಲುವ ಗೆರೆ, ಎಲ್ಲಿದೆಯೆಂಬುದರ ಮೇಲೆ ವ್ಯಾಜ್ಯ ಶುರುವಾಗುತ್ತದೆ. ಮಾಸಾಬ್ ಟ್ಯಾಂಕ್ ಎಂಬ ಬಡಾವಣೆಯಲ್ಲಿ ಇಂದು ಟ್ಯಾಂಕ್ ಇಲ್ಲ. ಇಮ್ಲಿಬನ್ ಎಂದು ಜನ ಕರೆಯುವ ಮಹಾತ್ಮ ಗಾಂಧಿ ಬಸ್ ನಿಲ್ದಾಣ ಮೂಸಿಯ ಪಾತ್ರದ ನಡುವೆಯೇ ಇದೆ. ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯಲ್ಲಿದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮೇಲಿನ ಜಲಾಶಯಗಳ ಗೇಟು ತೆಗೆದಾಗ ಇಮ್ಲಿಬನ್ನಿನ ಅಂಗಳಕ್ಕೆ ನೀರು ನುಗ್ಗಿ, ರಾತ್ರಿ ಬಸ್ಸಿಗೆ ಕಾಯುತ್ತಿದ್ದ ಪ್ರಯಾಣಿಕರನ್ನು ಹೊರತರಬೇಕಾಯಿತು.

2020ರ ಆ ವಾರ ಹಳೆಯ ನಗರದಲ್ಲಿ 1908ರ ಕಥೆ ಸಣ್ಣ ಪ್ರಮಾಣದಲ್ಲಿ ನಡೆದುಹೋಯಿತು. ಪಲ್ಲೆ ಚೆರುವು, ಬಾಲಾಪುರದ ಗುರ್ರಂ ಚೆರುವುಗಳ ಏರಿ ಒಡೆದು ಫಲಕ್‌ನುಮಾ ಕಡೆಯ ಅಲ್ ಜುಬೈಲ್ ಕಾಲೊನಿ, ಹಾಫಿಜ್ ಬಾಬಾ ನಗರಗಳು ಮುಳುಗಿದವು. ತಮ್ಮ ಮನೆಯ ಮೇಲ್ಭಾಗದಲ್ಲಿ ಒಂದು ಕೆರೆಯಿದೆ, ಅದರ ಕೋಡಿಯ ದಾರಿ ತಮ್ಮದೇ ಬೀದಿ ಎಂದು ಎಷ್ಟು ಜನಕ್ಕೆ ಗೊತ್ತಿತ್ತು? 2000ದ ನೆರೆಯ ನಂತರ ಕಿರ್ಲೋಸ್ಕರ್ ಸಲಹಾ ಸಂಸ್ಥೆ ನಾಲಾಗಳನ್ನು ಅಗಲಗೊಳಿಸುವ ಬಗ್ಗೆ 2003ರಲ್ಲಿ ವರದಿ ಕೊಟ್ಟಿತ್ತು. ಹದಿನೇಳು ವರ್ಷಗಳ ನಂತರವೂ ಆ ಕೆಲಸದ ಬಹುಪಾಲು ಬಾಕಿಯಿತ್ತು. 1909ರ ವರದಿ ಕೊಟ್ಟ ಹನ್ನೊಂದು ವರ್ಷಕ್ಕೆ ಒಂದು ಜಲಾಶಯ ಮುಗಿದಿತ್ತು, ಹದಿನೆಂಟು ವರ್ಷಕ್ಕೆ ಎರಡನೆಯದು.

ಇನ್ನು ಕಡಲಿನ ಮಾತು. ಹೈದರಾಬಾದಿನಿಂದ ಸಮುದ್ರ ಮುನ್ನೂರು ಕಿಲೋಮೀಟರಿನಷ್ಟು ದೂರ. ಆದರೂ ಭಾರತದ ಕಡಲನ್ನು ಹಗಲಿರುಳು ಕಾಯುವ ಸಂಸ್ಥೆ ಇರುವುದು ಈ ಊರಿನ ಪ್ರಗತಿ ನಗರದಲ್ಲಿ. ಅದು 1999ರಲ್ಲಿ ಶುರುವಾದ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಇನ್‌ಕಾಯ್ಸ್. 2004ರ ಸುನಾಮಿಯ ನಂತರ, 2007ರಿಂದ, ಸುನಾಮಿ ಮುನ್ನೆಚ್ಚರಿಕೆ ಕೇಂದ್ರವೂ ಇಲ್ಲಿಯೇ ಇದೆ. ಮಂಗಳೂರು, ಉಡುಪಿ, ಕಾರವಾರದ ದಂಡೆಗೆ ಎತ್ತರದ ಅಲೆ ಬರಲಿದೆ, ದೋಣಿ ಇಳಿಸಬೇಡಿ ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಆ ಸೂಚನೆ ಹೊರಡುವುದು ಇಲ್ಲಿಂದ.

ಆ ಸೂಚನೆ ಪಡೆಯುವ ನಮ್ಮ ದಂಡೆಯಲ್ಲಿ ಕಡಲ್ಕೊರೆತಕ್ಕೆ ಮೊದಲ ಉತ್ತರ ಯಾವಾಗಲೂ ಕಲ್ಲಿನ ಗೋಡೆ. ಆಷಾಢದಲ್ಲಿ ಮನೆ ಬೀಳುತ್ತದೆ, ಮಂತ್ರಿ ಬರುತ್ತಾರೆ, ಲಾರಿಗಳಲ್ಲಿ ಬಂಡೆ ಬರುತ್ತದೆ. ಮನೆಯ ಹೊಸ್ತಿಲಿಗೆ ಕಡಲು ಬಂದು ನಿಂತವರಿಗೆ ಬಂಡೆ ಬೇಡ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಗೋಡೆ ಏನು ಮಾಡುತ್ತದೆಂಬುದನ್ನು ತಿಳಿದೇ ಹಾಕಬೇಕು. ಬೇಸಿಗೆಯಲ್ಲಿ ದಂಡೆಯ ಮೇಲೆ ಕೂರುವ ಮರಳು ಮಳೆಗಾಲದ ಅಬ್ಬರಕ್ಕೆ ಕಡಲೊಳಕ್ಕೆ ಸರಿದು ಅಲ್ಲಿ ದಿಬ್ಬವಾಗಿ ನಿಲ್ಲುತ್ತದೆ. ದೊಡ್ಡ ಅಲೆಗಳು ಆ ದಿಬ್ಬದ ಮೇಲೆ ಮುರಿದು, ಬಲ ಕಳೆದುಕೊಂಡು ದಡಕ್ಕೆ ಬರುತ್ತವೆ. ಮಳೆಗಾಲ ಮುಗಿದ ಮೇಲೆ ಅದೇ ಮರಳು ಮೆಲ್ಲಗೆ ದಂಡೆಗೆ ಹಿಂದಿರುಗುತ್ತದೆ. ಕಡಲು ಮುಂದೆ ಬಂದು ಹಿಂದೆ ಹೋಗಲು ಜಾಗವಿದ್ದರೆ ಈ ಕೆಲಸ ಪುಕ್ಕಟೆಯಾಗಿ ನಡೆಯುತ್ತದೆ. ನಡುವೆ ಬಂಡೆಗೋಡೆ ನಿಂತರೆ ಅಲೆ ಅದಕ್ಕೆ ಬಡಿದು ಹಿಂದಕ್ಕೆ ಚಿಮ್ಮುವಾಗ ಬುಡದ ಮರಳನ್ನು ಹೊತ್ತೊಯ್ಯುತ್ತದೆ. ಗೋಡೆ ಕುಸಿಯುತ್ತದೆ, ಮತ್ತೆ ಬಂಡೆ ಬೇಕಾಗುತ್ತದೆ. ಗೋಡೆ ಮುಗಿಯುವ ಜಾಗದಲ್ಲಿ ಪಕ್ಕದೂರಿನ ದಂಡೆ ಕೊರೆಯತೊಡಗುತ್ತದೆ.

ಉಳ್ಳಾಲದಲ್ಲಿ ಇದನ್ನು ಅರಿತೇ ಬೇರೆ ದಾರಿ ಹಿಡಿಯುವ ಪ್ರಯತ್ನ ನಡೆಯಿತು. ಏಷ್ಯಾ ಅಭಿವೃದ್ಧಿ ಬ್ಯಾಂಕ್ 2010ರಲ್ಲಿ ಒಪ್ಪಿದ ಕರಾವಳಿ ರಕ್ಷಣೆ ಯೋಜನೆಯಡಿ, ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಬಾಗಿಲಿನ ತಡೆಗೋಡೆಗಳನ್ನು ದುರಸ್ತಿ ಮಾಡಿ, ಕಡಲೊಳಗೆ ಮರಳು ತುಂಬಿದ ಭಾರಿ ಚೀಲಗಳಿಂದ ಮುಳುಗು ದಿಬ್ಬಗಳನ್ನು ಕಟ್ಟಿದರು. ದಂಡೆಯ ಹತ್ತಿರ ಇಳಿಜಾರು ಕಟ್ಟೆಗಳನ್ನೂ ಹಾಕಿದರು. ಮರಳಿನ ದಿಬ್ಬ ತಾನೇ ಮಾಡುತ್ತಿದ್ದ ಕೆಲಸವನ್ನು ಕಟ್ಟೋಣದಿಂದ ಮಾಡಿಸುವ ಆಲೋಚನೆ ಅದು, ಬರೀ ಬಂಡೆ ಸುರಿಯುವುದಕ್ಕಿಂತ ಎಷ್ಟೋ ಮೇಲು. ಆದರೂ ದಕ್ಷಿಣಕ್ಕಿರುವ ಸೋಮೇಶ್ವರ, ಉಚ್ಚಿಲದ ದಂಡೆಯಲ್ಲಿ ಕೊರೆತ ನಿಲ್ಲಲಿಲ್ಲ. ವಿಶ್ವೇಶ್ವರಯ್ಯ ಊರನ್ನು ಬಿಟ್ಟು ಇಡೀ ಜಲಾನಯನ ಎಣಿಸಿದಂತೆ, ಇಲ್ಲಿಯೂ ಒಂದು ಊರಿನ ದಂಡೆಯನ್ನು ಬಿಟ್ಟು ಮರಳು ಓಡಾಡುವ ಇಡೀ ತೀರವನ್ನು ಒಂದೇ ಘಟಕವೆಂದು ನೋಡಬೇಕಿತ್ತು. ಮರಳಿಗೆ ಪಂಚಾಯಿತಿಯ ಗಡಿ ತಿಳಿಯದು.

ಗೋಡೆ ಮತ್ತು ಕಾಡಿನ ಬಗ್ಗೆ ನಮ್ಮ ದೇಶದಲ್ಲಿ ಇರುವ ಅತ್ಯಂತ ಬೆಲೆಯುಳ್ಳ ಪಾಠ ಒಡಿಶಾದ್ದು. 1999ರ ಅಕ್ಟೋಬರಿನ ಮಹಾ ಚಂಡಮಾರುತದ ನಂತರ ಭಿತರ್‌ಕನಿಕಾದ ಸುತ್ತ ಮೂರು ಬಗೆಯ ಹಳ್ಳಿಗಳನ್ನು ಸಂಶೋಧಕರಾದ ರುಚಿ ಬಡೋಲಾ ಮತ್ತು ಎಸ್.ಎ. ಹುಸೇನ್ ಹೋಲಿಸಿ ನೋಡಿದರು. ಒಂದಕ್ಕೆ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಕಾಡಿನ ಮರೆಯಿತ್ತು. ಇನ್ನೊಂದಕ್ಕೆ ಕಾಡಿಲ್ಲ, ಮಣ್ಣಿನ ಒಡ್ಡು ಇತ್ತು. ಮತ್ತೊಂದಕ್ಕೆ ಎರಡೂ ಇರಲಿಲ್ಲ. ಮನೆಗೆ ಸರಾಸರಿ ನಷ್ಟ ಅತಿ ಕಡಿಮೆಯಾದದ್ದು ಕಾಂಡ್ಲಾ ಇದ್ದ ಹಳ್ಳಿಯಲ್ಲಿ. ಅತಿ ಹೆಚ್ಚಾದದ್ದು ಏನೂ ಇಲ್ಲದ ಹಳ್ಳಿಯಲ್ಲಿ ಅಲ್ಲ, ಒಡ್ಡು ಮಾತ್ರ ಇದ್ದ ಹಳ್ಳಿಯಲ್ಲಿ. ಒಡ್ಡು ಮುರಿದು ಒಳಗೆ ಬಂದ ಉಪ್ಪುನೀರು ಹಿಂದೆ ಹೋಗಲು ಅದೇ ಒಡ್ಡು ಅಡ್ಡವಾಯಿತು. ಹೊಲಗಳಲ್ಲಿ ನೀರು ನಿಂತೇ ಉಳಿಯಿತು.

ಕಾಂಡ್ಲಾದ ಬಲಕ್ಕೂ ಮಿತಿಯಿದೆ. ಅದೇ ಚಂಡಮಾರುತದಲ್ಲಿ ಕೇಂದ್ರಪಾಡಾ ಜಿಲ್ಲೆಯ ಸಾವುಗಳನ್ನು ಪರಿಶೀಲಿಸಿದ ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್, ಕಾಡಿನ ಅಗಲ ಹೆಚ್ಚಿದ್ದ ಕಡೆ ಸಾವು ಕಡಿಮೆ ಎಂದು 2009ರಲ್ಲಿ ತೋರಿಸಿದರು. ಅದರ ಜೊತೆಗೇ, ಸರ್ಕಾರ ಕೊಟ್ಟ ಮುನ್ನೆಚ್ಚರಿಕೆ ಉಳಿಸಿದ ಜೀವಗಳು ಕಾಡು ಉಳಿಸಿದ್ದಕ್ಕಿಂತ ಹೆಚ್ಚು ಎಂದೂ ಬರೆದರು. ಇಂಥ ಪ್ರಾಮಾಣಿಕ ಲೆಕ್ಕ ನಮಗೆ ಬೇಕು. ಗಿಡ ನೆಟ್ಟರೆ ಸಾಕು ಎನ್ನುವವರೂ ಗೋಡೆ ಕಟ್ಟಿದರೆ ಸಾಕು ಎನ್ನುವವರೂ ಅರ್ಧ ಸತ್ಯ ಹಿಡಿದು ಜನರ ಜೀವದ ಜೊತೆ ಆಟವಾಡುತ್ತಿದ್ದಾರೆ.

ಎರಡನ್ನೂ ಕೂಡಿಸುವುದು ನಮ್ಮವರಿಗೆ ತಿಳಿಯದ್ದೇನಲ್ಲ. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಗಜನಿ ಗದ್ದೆಗಳಿವೆ. ಉಬ್ಬರದ ಉಪ್ಪುನೀರನ್ನು ಮಣ್ಣುಕಲ್ಲಿನ ಒಡ್ಡಿನಿಂದ ತಡೆದು, ಕಿಂಡಿಯ ಬಾಗಿಲಿನಿಂದ ಬೇಕಾದಾಗ ಒಳಬಿಟ್ಟು, ಬೇಡವಾದಾಗ ಹೊರಗೆ ಹಾಕಿ, ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಆಮೇಲೆ ಮೀನು ಸೀಗಡಿ ಬೆಳೆಯುತ್ತ ಬಂದಿದ್ದಾರೆ. ಒಡ್ಡಿನ ಹೊರಮೈಗೆ ಕಾಂಡ್ಲಾ ಗಿಡ ಇದ್ದರೆ ಅಲೆಯ ಹೊಡೆತ ಗಿಡಕ್ಕೆ, ಒಡ್ಡು ಭದ್ರ. ಇಲ್ಲಿ ನೀರು ಒಳಗೆ ಬರುವುದಕ್ಕೂ ದಾರಿಯಿದೆ, ಹೊರಗೆ ಹೋಗುವುದಕ್ಕೂ ದಾರಿಯಿದೆ. ನೆದರ್ಲೆಂಡಿನವರು ನೈಮೆಗನ್ ನಗರದ ಎದುರು ವಾಲ್ ನದಿಯ ಒಡ್ಡನ್ನು 350 ಮೀಟರ್ ಹಿಂದಕ್ಕೆ ಸರಿಸಿ, ನೆರೆಗೆಂದೇ ಇನ್ನೊಂದು ಕಾಲುವೆ ತೋಡಿದ್ದೂ ಇದೇ ತಿಳಿವಳಿಕೆಯಿಂದ. ಶತಮಾನಗಳಿಂದ ಒಡ್ಡು ಎತ್ತರಿಸುತ್ತಲೇ ಬಂದ ದೇಶ ಅದು. ಎತ್ತರಿಸಿದಷ್ಟೂ ಒಡೆದಾಗಿನ ಅನಾಹುತ ದೊಡ್ಡದು ಎಂದು ಕಂಡುಕೊಂಡು ದಾರಿ ಬದಲಿಸಿತು.

ಒಡ್ಡು ಹಿಂದಕ್ಕೆ ಸರಿಯಿತು ಎಂದು ಬರೆಯುವುದು ಸುಲಭ. ಸರಿದ ಜಾಗದಲ್ಲಿ ಮನೆಗಳಿದ್ದವು. ನೀರಿಗೆ ಜಾಗ ಬಿಡಬೇಕು ಎಂದಾಗ ಯಾರ ಜಾಗ ಎಂಬ ಪ್ರಶ್ನೆ ತಕ್ಷಣ ಏಳುತ್ತದೆ, ಈ ವಿಷಯದಲ್ಲಿ ನನ್ನನ್ನು ಅತ್ಯಂತ ಕಾಡುವುದೂ ಅದೇ. 2024ರ ಜುಲೈಯಲ್ಲಿ ತೆಲಂಗಾಣ ಸರ್ಕಾರ ಕೆರೆ, ನಾಲಾಗಳ ಒತ್ತುವರಿ ತೆರವಿಗೆ ಹೈಡ್ರಾ ಎಂಬ ಸಂಸ್ಥೆ ಮಾಡಿತು. ಆಗಸ್ಟ್‌ನಲ್ಲಿ ಅದು ಮಾಧಾಪುರದ ತಮ್ಮಿಡಿಕುಂಟದ ಅಂಚಿನಲ್ಲಿದ್ದ, ಪ್ರಸಿದ್ಧ ನಟನ ಒಡೆತನದ ಸಭಾಂಗಣವನ್ನು ಕೆಡವಿದಾಗ ಊರು ಬೆರಗಾಯಿತು. ಅಂಬರ್‌ಪೇಟೆಯ ಬತುಕಮ್ಮ ಕುಂಟದಲ್ಲಿ ಹೂಳು, ಕಸ ತೆಗೆದಾಗ ಮತ್ತೆ ನೀರು ಬಂತು. ಇವೆಲ್ಲ ಸಂತೋಷದ ಸಂಗತಿ. ಆದರೆ ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿಯ ಪಾತ್ರದಲ್ಲಿದ್ದ ಬಡವರ ಮನೆಗಳ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಆರ್‌ಬಿ-ಎಕ್ಸ್ ಎಂಬ ತೆರವಿನ ಗುರುತು ಬರೆದು ಹೋದರು. ಕೂಲಿ ಮಾಡಿ ಕಟ್ಟಿಕೊಂಡ ಮನೆ. ವಿದ್ಯುತ್ ಬಿಲ್ಲು, ಮನೆ ತೆರಿಗೆಯ ರಸೀದಿ ಇದ್ದವರೂ ಅವರಲ್ಲಿದ್ದರು. ಕೆಲವರು ಸರ್ಕಾರ ಕೊಟ್ಟ ಎರಡು ಕೋಣೆಯ ಮನೆಗಳಿಗೆ ಹೋದರು, ಕೆಲಸದ ಜಾಗದಿಂದ, ಮಕ್ಕಳ ಶಾಲೆಯಿಂದ ದೂರಕ್ಕೆ.

ನದಿಯ ಪಾತ್ರ ತೆರವಾಗಲೇಬೇಕು. ಅಲ್ಲಿ ಉಳಿದರೆ ಮುಂದಿನ ನೆರೆಯಲ್ಲಿ ಮೊದಲು ಸಾಯುವವರು ಅವರೇ. ಆದರೆ ತೆರವಿನ ಬೆಲೆಯನ್ನು ಅವರೊಬ್ಬರೇ ತೆರಬಾರದು. ಕೆರೆಯಂಗಳಕ್ಕೆ ಬಡಾವಣೆಯ ನಕ್ಷೆ ಮಂಜೂರು ಮಾಡಿದವರು, ನೋಂದಣಿ ಮಾಡಿಕೊಟ್ಟವರು, ಸಾಲ ಕೊಟ್ಟವರು, ಅಲ್ಲಿಗೆ ನಲ್ಲಿ ಎಳೆದವರು ಎಲ್ಲರೂ ಕಡತದಲ್ಲಿದ್ದಾರೆ. ಪುನರ್ವಸತಿಯ ಖರ್ಚು ಅಣೆಕಟ್ಟಿನ ಖರ್ಚಿನಷ್ಟೇ ಯೋಜನೆಯ ಒಳಗಿನ ಖರ್ಚು. ಅದನ್ನು ಮೊದಲ ದಿನದಿಂದ ಅಂದಾಜು ಪಟ್ಟಿಯಲ್ಲಿ ಸೇರಿಸದ ಯೋಜನೆಗೆ ತಾಂತ್ರಿಕ ಮಂಜೂರಾತಿ ಕೊಡಬಾರದು.

ಉಳ್ಳಾಲದ ಮೊಗವೀರಪಟ್ನದವರಿಗೂ ಉಚ್ಚಿಲದವರಿಗೂ ಇದೇ ಅನ್ವಯಿಸುತ್ತದೆ. ಮುಂದಿನ ಗೋಡೆಗೆ ಟೆಂಡರ್ ಕರೆಯುವ ಮುನ್ನ ತಲಪಾಡಿಯಿಂದ ಅಳಿವೆಬಾಗಿಲವರೆಗೆ ಮರಳು ಯಾವ ತಿಂಗಳಲ್ಲಿ ಎತ್ತ ಸರಿಯುತ್ತದೆಂಬ ಅಳತೆಯನ್ನು ಕನ್ನಡದಲ್ಲಿ ಅಚ್ಚುಮಾಡಿ ಊರಿನವರ ಮುಂದಿಡಲಿ. ಆ ಗೋಡೆಯಿಂದ ಪಕ್ಕದ ದಂಡೆಗೆ ಏನಾಗುತ್ತದೆಂದು ಬರೆದುಕೊಡಲಿ. ದಂಡೆಯ ಬಳ್ಳಿ, ಗಾಳಿಮರ, ಕಾಂಡ್ಲಾಕ್ಕೆ ಎಷ್ಟು ಹಣ, ಬಂಡೆಗೆ ಎಷ್ಟು, ಸ್ಥಳಾಂತರವಾಗಬೇಕಾದ ಮನೆಗಳಿಗೆ ಕಡಲಿಗೆ ನಡೆದುಹೋಗುವಷ್ಟು ಹತ್ತಿರದಲ್ಲಿ ಎಲ್ಲಿ ನಿವೇಶನ ಎಂಬ ಮೂರೂ ಒಂದೇ ಹಾಳೆಯಲ್ಲಿರಲಿ. 1909ರಲ್ಲಿ ಉಪಗ್ರಹವಿಲ್ಲದೆ, ಗಣಕಯಂತ್ರವಿಲ್ಲದೆ, ಕೆರೆಗಳನ್ನು ಒಂದೊಂದಾಗಿ ಎಣಿಸಿ ಆರು ತಿಂಗಳಲ್ಲಿ ಇಂಥ ವರದಿಯನ್ನು ಒಬ್ಬರು ಬರೆದು ಮುಗಿಸಿದ್ದರು.